ಜೇಬಿನಲ್ಲಿದ್ದ ದಾರ

ಶನಿವಾರ ಹನ್ನೊಂದಕ್ಕೆ ಚಾಮರಾಜಪೇಟೆಯಲ್ಲಿ ಕವಿಗೋಷ್ಠಿ. ಇಸ್ತ್ರಿ ಅಂಗಿ ಹಾಕಿ, ಕವನ ಮಡಿಚಿ ಜೇಬಿಗಿಟ್ಟು ಹೊರಟಿದ್ದೆ. ಬೀದಿ ಕೊನೆಯ ಸರ್ಕಾರಿ ಶಾಲೆಯ ಮೇಡಂ ಗೇಟಿನಿಂದಲೇ ಕೂಗಿದರು: "ಸಾರ್, ಮಕ್ಕಳು ಕೈ ತೊಳೆಯೋ ನಲ್ಲಿ ನಿಲ್ತಾನೇ ಇಲ್ಲ. ಒಂದ್ನಿಮಿಷ ನೋಡ್ತೀರಾ?"

ಒಂದು ನಿಮಿಷದಲ್ಲಿ ಸರಿಹೋಗುವ ನಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಹೋದೆ. ಮೂವತ್ತೊಂದು ವರ್ಷ ವಾಲ್ವ್‌ಮನ್ ಆಗಿದ್ದವನು, ನೀರು ಪೋಲಾಗುವುದನ್ನು ನೋಡಿಯೂ ಹೇಗೆ ದಾಟಲಿ? 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ, ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಸುಮಾರು 100 ಕಿಲೋಮೀಟರ್. ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಿಸಿಕೊಂಡು ದಿಣ್ಣೆ ಹತ್ತಬೇಕು. ರಾತ್ರಿ ಪಾಳಿಯಲ್ಲಿ ಕಬ್ಬಿಣದ ಸರಳನ್ನು ಪೈಪಿಗೆ ಊರಿ, ಇನ್ನೊಂದು ತುದಿಗೆ ಕಿವಿ ಒತ್ತಿ, ನೆಲದೊಳಗಿನ ಸೋರಿಕೆಯ 'ಸುಯ್' ಸದ್ದಿಗೆ ಕಾಯುತ್ತಿದ್ದೆವು.

ವಾಷರ್ ಸವೆದುಹೋಗಿತ್ತು. ಹುಡುಗನೊಬ್ಬ ಹಳೇ ಟ್ಯೂಬಿನ ತುಂಡು ತಂದ. ಕೆಲಸ ಸಿಗುವ ಮುಂಚೆ ಕಲಾಸಿಪಾಳ್ಯದಲ್ಲಿ ಪಂಕ್ಚರ್ ಹಾಕಿದ ಕೈ, ದುಂಡಗೆ ಕತ್ತರಿಸಿತು. ಆದರೆ ನಲ್ಲಿ ಬಿಚ್ಚಿದ್ದೇ ತಡ, ಎದೆಗೆ ನೀರು ರಾಚಿತು. ಮೇಲಿನ ಟ್ಯಾಂಕಿನ ವಾಲ್ವ್ ಬಂದ್ ಮಾಡಿಯೇ ಇರಲಿಲ್ಲ! ಮಕ್ಕಳಿಗಂತೂ ಹಬ್ಬ. ಆಮೇಲೂ ಹಿಡಿಯ ಜೊತೆ ತಿರುಗುವ ಕಡ್ಡಿ, ಸ್ಪಿಂಡಲ್, ಅದರ ಪಕ್ಕ ಜಿನುಗುತ್ತಿತ್ತು. ದಾರಕ್ಕೆ ಮೇಣದಬತ್ತಿ ತಿಕ್ಕಿ, ಕಡ್ಡಿಯ ಸುತ್ತಲಿನ ಸಂದಿಗೆ, ಅಂದರೆ ಗ್ಲ್ಯಾಂಡಿನೊಳಗೆ, ನಾಲ್ಕು ಸುತ್ತು ಸುತ್ತಿ, ನಟ್ ಬಿಗಿದೆ. ನಿಂತಿತು.

ನಾನು ಬರೆಯುವುದು ಭಾಮಿನಿ ಷಟ್ಪದಿ. ವಾಲ್ವಿನ ಸುತ್ತು ಎಣಿಸಿ ಎಣಿಸಿ ಮಾತ್ರೆ ಎಣಿಸುವ ಚಟ ಹತ್ತಿತೇನೋ. ಮೂರು-ನಾಲ್ಕು, ಮೂರು-ನಾಲ್ಕು. ಈಗ ಯಾರಿಗೆ ಬೇಕು ಅನ್ನುತ್ತಾರೆ. ನನಗೆ ಬೇರೆ ಬರುವುದಿಲ್ಲ.

ಗೋಷ್ಠಿ ತಲುಪಿದಾಗ ಹನ್ನೆರಡೂವರೆ. ಇಲ್ಲೆಲ್ಲ ಕವಿಗಳೇ ಕೇಳುಗರು. ತಮ್ಮ ಸರದಿ ಮುಗಿದವರು ಆಗಲೇ ಬಸ್ ಹಿಡಿದಿದ್ದರು. ವೇದಿಕೆಯಲ್ಲಿ ಹಾಳೆ ಬಿಡಿಸಿದರೆ ಶಾಯಿಯೆಲ್ಲ ಹರಡಿದೆ. ಎರಡು ಸಾಲು ಬಾಯಿಪಾಠದಲ್ಲಿ ದಾಟಿದೆ. 23 ಮಾತ್ರೆಯ ಮೂರನೆಯದು ಮಾತ್ರ ಏನು ಮಾಡಿದರೂ ನಾಲಿಗೆಗೆ ಬರಲೊಲ್ಲದು. ಬಲಗೈ ತಾನಾಗಿ ವಾಲ್ವ್ ತಿರುಗಿಸುವ ಹಾಗೆ ಆಡುತ್ತಿತ್ತು.

ಅಧ್ಯಕ್ಷರು ಹಾಳೆಗೆ ಅಂಟಿ ನೇತಾಡುತ್ತಿದ್ದ ಮೇಣದ ದಾರ ನೋಡಿ, "ಇದೇನ್ರೀ?" ಅಂದರು.

"ನಲ್ಲಿ ದಾರ ಸಾರ್. ಇಟ್ಕೊಳಿ, ಬೇಕಾಗುತ್ತೆ."

ಆವತ್ತು ನನಗೆ ಚಪ್ಪಾಳೆ ಬಿದ್ದದ್ದು ಅದೊಂದು ಮಾತಿಗೆ.