ಆಗುಂಬೆ ಘಾಟಿಗೆ ಹೊರಡುವ ಮುನ್ನ ಬಸ್ಸಿನ ಉದ್ದ ನೋಡಿ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿ ಸೋಮೇಶ್ವರದ ತನಕ ಯಾವ ಬಸ್ಸಾದರೂ ಸರಾಗವಾಗಿ ಹೋಗುತ್ತದೆ. ಗದ್ದೆ, ಅಡಿಕೆ ತೋಟ, ಆಮೇಲೆ ಸೀತಾನದಿಯ ಕಾಡು. ಸೋಮೇಶ್ವರ ಬಿಟ್ಟ ಮೇಲೆ ಕತೆಯೇ ಬೇರೆ. ಹತ್ತು ಕಿ.ಮೀ. ಆಸುಪಾಸಿನಲ್ಲಿ 14 ಹೇರ್‌ಪಿನ್ ತಿರುವುಗಳು, ಮೇಲೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆ. ಇಲ್ಲಿ ಓಡುವುದು ಮಿನಿ ಬಸ್ಸುಗಳೇ.

ಕಾರಣ ತಿರುವಿನಲ್ಲೇ ಕಾಣುತ್ತದೆ. ಬಸ್ಸು ಉದ್ದವಾದಷ್ಟೂ ಹಿಂದಿನ ಚಕ್ರ ಒಳಬದಿಗೆ ಸರಿಯುತ್ತದೆ. ಅದು ಚರಂಡಿಗೆ ಇಳಿಯದಿರಲು ಡ್ರೈವರ್ ಮುಂಭಾಗವನ್ನು ತಡೆಗೋಡೆಗೆ ತಾಗುವಷ್ಟು ಹೊರಗೆ ಒಯ್ಯಬೇಕು. ಮಿನಿ ಬಸ್ಸು ಫಸ್ಟ್ ಗೇರಿನಲ್ಲಿ ಒಂದೇ ಸಲಕ್ಕೆ ತಿರುಗಿಬಿಡುತ್ತದೆ. 12 ಮೀಟರಿನ ಕೋಚ್ ಬಂದರೆ ಏರಿನಲ್ಲೇ ರಿವರ್ಸ್ ತೆಗೆಯಬೇಕು. ಕ್ಲಚ್ ಸುಡುತ್ತದೆ, ಮೇಲೂ ಕೆಳಗೂ ವಾಹನ ನಿಲ್ಲುತ್ತವೆ.

ಇದು ಗೊತ್ತಿಲ್ಲದೆ ದೊಡ್ಡ ಬಸ್ಸು ಗೊತ್ತುಮಾಡಿ ‘ಶೃಂಗೇರಿ, ಆಗುಂಬೆ, ಉಡುಪಿ’ ಎಂದು ಒಂದೇ ಗೆರೆಯಲ್ಲಿ ಪಟ್ಟಿ ಬರೆಯುವ ತಂಡಗಳು ಬಹಳ. ಅಂಥವರು ಶೃಂಗೇರಿಯಿಂದ ಆಗುಂಬೆಗೆ ಬಂದು, ಸೂರ್ಯಾಸ್ತ ನೋಡಿ ಶೃಂಗೇರಿಗೇ ಮರಳಿ ಉಳಿಯುವುದು ಒಳ್ಳೆಯದು. ಮರುದಿನ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ, ಕಾರ್ಕಳದ ದಾರಿ ಹಿಡಿದು ಉಡುಪಿಗೆ ಇಳಿಯಬಹುದು. ಜನರನ್ನು ಮಿನಿ ಬಸ್ಸಿಗೆ ಹತ್ತಿಸಿ, ಖಾಲಿ ಕೋಚನ್ನು ಸುತ್ತು ಹಾಕಿಸಿ ಹೆಬ್ರಿಗೆ ಕರೆಸುವವರೂ ಇದ್ದಾರೆ. ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ.

ಕಿಟಕಿ ಸೀಟಿನ ಜಗಳ ಘಾಟಿಯ ಮಟ್ಟಿಗೆ ವ್ಯರ್ಥ. ಪ್ರತಿ ತಿರುವಿಗೂ ಕಣಿವೆ ಬದಿ ಬದಲಾಗುತ್ತದೆ. ಕೆಳಗಿನ ದಾರಿಯಲ್ಲಿ ಮಾತ್ರ ವ್ಯತ್ಯಾಸವುಂಟು: ಚಳಿಗಾಲದಲ್ಲಿ ಉಡುಪಿಯಿಂದ ಹೋಗುವಾಗ ಬಿಸಿಲು ಹೆಚ್ಚಾಗಿ ಬಲಬದಿಗೆ, ಎಡಬದಿಗೆ ನೆರಳು. ವಾಂತಿಯಾಗುವವರು ಹಿಂದಿನ ಸೀಟು ಬಿಟ್ಟು ಮುಂದೆ ಕೂರಲಿ. ಹಿಂದಿನ ಚಕ್ರದಾಚೆಯ ಭಾಗ ತಿರುವಿನಲ್ಲಿ ಜಾಸ್ತಿ ಬೀಸುತ್ತದೆ. ಮಾತ್ರೆ ತಿನ್ನುವುದಿದ್ದರೆ ಉಡುಪಿ ಬಸ್ ನಿಲ್ದಾಣದಲ್ಲೇ ತಿನ್ನಬೇಕು. ಸೋಮೇಶ್ವರದಲ್ಲಿ ನುಂಗಿದರೆ ಅದು ಕೆಲಸ ಶುರುಮಾಡುವಷ್ಟರಲ್ಲಿ ಆಗುಂಬೆಯೇ ಬಂದಿರುತ್ತದೆ. ಮಂಗಗಳಿರುವಲ್ಲಿ ತಿಂಡಿ ಪೊಟ್ಟಣ ಕಿಟಕಿಯ ಬಳಿ ಬೇಡ.

ಸೂರ್ಯಾಸ್ತದ ಕಟ್ಟೆ ಘಾಟಿಯ ನೆತ್ತಿಯ ಹತ್ತಿರವಿದೆ. ಲೈನ್ ಬಸ್ಸು ಅಲ್ಲಿ ಕಾಯುವುದಿಲ್ಲ. ಆಗುಂಬೆ ಪೇಟೆಯಲ್ಲಿ ಇಳಿದು ಹಿಂದಕ್ಕೆ ನಡೆಯಬೇಕು. ಇಳಿದ ಕೂಡಲೇ ಕೆಳಗೆ ಹೋಗುವ ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಅಲ್ಲಿದ್ದರೆ ನಿಲ್ಲಲು ಜಾಗ ಸಿಗುತ್ತದೆ. ಆಕಾಶ ತಿಳಿಯಾಗಿದ್ದರೆ ಪಡುವಣ ಅಂಚಿನಲ್ಲಿ ಸಮುದ್ರವೂ ಹೊಳೆಯುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ನಂಬಬಹುದಾದ ಕಾಲ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದವರು ಮಂಜು ಮತ್ತು ತೊರೆಗಳನ್ನು ನೋಡಬೇಕೇ ಹೊರತು ಸೂರ್ಯನನ್ನಲ್ಲ. ಗುಡ್ಡ ಜರಿದರೆ ಘಾಟಿಯನ್ನೇ ಮುಚ್ಚುತ್ತಾರೆ, ಆದ್ದರಿಂದ ಆ ತಿಂಗಳುಗಳಲ್ಲಿ ಹಿಂದಿನ ದಿನವೇ ವಿಚಾರಿಸಿ ಹೊರಡಿ.

ಬಾಡಿಗೆ ಮಿನಿ ಬಸ್ಸಿನಲ್ಲಿ ಇಳಿಯುವಾಗ ಡ್ರೈವರ್ ಹತ್ತಿದ ಗೇರಿನಲ್ಲೇ ಇಳಿಯುತ್ತಿದ್ದಾನೋ ಗಮನಿಸಿ. ಬರೀ ಬ್ರೇಕ್ ಒತ್ತುತ್ತ ಬಂದರೆ ನಾಲ್ಕೈದು ತಿರುವಿಗೇ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ. ಆಗ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರ ತಾನಾಗಿ ತಣಿಯಲು ಬಿಡಬೇಕು. ಕಾದ ಬ್ರೇಕ್ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡುತ್ತದೆ. ಏರಿ ಬರುವ ವಾಹನಕ್ಕೆ ಮೊದಲು ದಾರಿ. ಇಳಿಯುವವರು ತಿರುವಿನ ಮುಂಚೆಯೇ ನಿಲ್ಲಬೇಕು.

ಒಂದು ದಿನ ಹೆಚ್ಚಿದ್ದರೆ ಗುಡ್ಡೇಕೇರಿ ಕಡೆಯಿಂದ ಕುಂದಾದ್ರಿ ಬೆಟ್ಟವನ್ನೂ ಸೇರಿಸಿಕೊಳ್ಳಬಹುದು. ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಕೊಳ. ಕೊನೆಯ ಏರು ಇಕ್ಕಟ್ಟು, ಕಡಿದು. ಬಸ್ಸನ್ನು ಕೆಳಗೇ ಬಿಟ್ಟು ಜೀಪು ಹಿಡಿಯುವುದು ಲೇಸು. ಬಾಡಿಗೆಯನ್ನು ಹೋಗಿಬರುವುದಕ್ಕೂ ಮೇಲೆ ಕಾಯುವುದಕ್ಕೂ ಸೇರಿಸಿಯೇ ಮಾತಾಡಿಕೊಳ್ಳಿ.