ಜಾಹೀರಾತು ಬಂತು, ಆಟ ಬರಲಿಲ್ಲ

ಬಿಡುಗಡೆಯೇ ಆಗದ ಹಳೇ ಕಂಪ್ಯೂಟರ್ ಆಟಗಳ ಹುಚ್ಚು ನನಗೆ ಸ್ವಲ್ಪ ಜಾಸ್ತಿ. ಲಿವರ್‌ಪೂಲ್‌ನ ಇಮ್ಯಾಜಿನ್ ಸಾಫ್ಟ್‌ವೇರ್‌ನವರ 'ಬ್ಯಾಂಡರ್‌ಸ್ನ್ಯಾಚ್' ಅವುಗಳಲ್ಲಿ ಒಂದು. 1984ರಲ್ಲಿ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆಬಳಕೆಯ ಕಂಪ್ಯೂಟರಿಗೆ ಬರಬೇಕಿತ್ತು. 48 ಕೆಬಿ ಮೆಮೊರಿ ಸಾಲದು ಅಂತ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ಹಾರ್ಡ್‌ವೇರ್ ಕೂಡ ಆಟದ ಜೊತೆ ಕೊಡುವ ಯೋಜನೆ. ಬೆಲೆ ಸುಮಾರು 40 ಪೌಂಡ್! ಆಗ ಮಾಮೂಲಿ ಆಟಕ್ಕೆ ಐದಾರು ಪೌಂಡ್ ಅಷ್ಟೇ. ಯಾವ ಅಪ್ಪ ಕೊಡಿಸುತ್ತಿದ್ದ ಹೇಳಿ?

ಪತ್ರಿಕೆಗಳ ಜಾಹೀರಾತಿನಲ್ಲಿ ಪ್ರೋಗ್ರಾಮರ್‌ಗಳ ಫೋಟೋ ಇತ್ತು, ಆಟದ್ದು ಇರಲಿಲ್ಲ. ಅದೇ ವರ್ಷ ಕಂಪನಿ ಮುಳುಗಿತು. ಬಿಬಿಸಿಯವರು ಸುಮ್ನೆ ಅವರ ವ್ಯಾಪಾರ ಚಿತ್ರೀಕರಿಸಲು ಹೋಗಿದ್ದರು, ಮುಳುಗುವುದನ್ನೇ ಕ್ಯಾಮೆರಾದಲ್ಲಿ ಹಿಡಿದರು.

ಆಟದ ಐಡಿಯಾಗಳು ಆಮೇಲೆ ಸಿಗ್ನೋಸಿಸ್ ಕಂಪನಿಯ 'ಬ್ರಟಾಕಸ್' ಆದವು. ಅದರ ಮೌಸ್ ಕಂಟ್ರೋಲ್ ಮಾತ್ರ ಮಹಾ ಕಿರಿಕಿರಿ.