ಗಾಲಿ ದೀಪದ ಎರಡು ಮಾತು

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಕಡೆ ಪಿಕಪ್ ಅಂದರೆ ದುಡಿಯುವ ಗಾಡಿ. ದ್ರಾಕ್ಷಿ ಕ್ರೇಟು, ಗೊಬ್ಬರದ ಚೀಲ, ಒಣದ್ರಾಕ್ಷಿ ಬಾಕ್ಸು, ಒಮ್ಮೊಮ್ಮೆ ಮದುವೆ ಮಂದಿ. ನಾನು ಈಗಿರುವ ಫಾರ್ಗೋದಲ್ಲಿ ಪಿಕಪ್ ಅಂದರೆ ಮನೆಗಾಡಿ. ಮಕ್ಕಳನ್ನು ಶಾಲೆಗೆ ಬಿಡಲಿಕ್ಕೂ ಅದೇ, ಕೆಲಸಕ್ಕೂ ಅದೇ. ಅಮೆರಿಕದ ಉತ್ತರ ಡಕೋಟಾ ರಾಜ್ಯದ ಊರು ಇದು. ಜನವರಿ ಮುಂಜಾನೆ ಮೈನಸ್ 25 ಡಿಗ್ರಿ ಇದ್ದರೆ ಇಲ್ಲಿ ಯಾರೂ ಅದನ್ನು ಸುದ್ದಿ ಮಾಡುವುದಿಲ್ಲ.

ಹೋದ ತಿಂಗಳು ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಹವಾ ಎಷ್ಟೈತಿ ಅಂತ ತೋರಿಸೋ, ಗಾಲಿಗೆ ಹಾಕೋ ಸೆನ್ಸರ್ ಬಂದಾವಂತ. ತಗೊಳ್ಳಲೇನು?" ಅವನು ಒಣದ್ರಾಕ್ಷಿ ಹೇರಿಕೊಂಡು ಅಥಣಿ ಮೇಲೆ ಹಾಯ್ದು ಮಹಾರಾಷ್ಟ್ರದ ತಾಸಗಾವ್ ಮಾರ್ಕೆಟ್‌ಗೆ ಹೋಗುತ್ತಾನೆ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಟೈರ್ ಒಡೆದು ಪಕ್ಕಕ್ಕೆ ನಿಂತ ಗಾಡಿಗಳನ್ನು ನಾನೇ ನೋಡಿದ್ದೇನೆ. ಅವತ್ತು ಅವನಿಗೆ ಒಂದು ತಾಸು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಲಿಯ ಹವಾ ಇಳಿದರೆ ಡ್ರೈವರ್ ಮುಂದೆ ಹತ್ತುವ ದೀಪ ಈಗ ನಮ್ಮೂರಿನ ಹೊಸ ಕಾರುಗಳಲ್ಲೂ ಬಂದಿದೆ ಅಲ್ವಾ.

ದೀಪ ಹಳದಿ. ಕುದುರೆ ಲಾಳದಂಥ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಈ ವ್ಯವಸ್ಥೆಗೆ ಟಿಪಿಎಂಎಸ್ ಅಂತಾರೆ, ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್. ಹವಾ ಕಡಿಮೆ ಇದ್ದ ಟೈರ್‌ಗಳು ಓಡುವಾಗಲೇ ಕಿತ್ತು ಬಂದು ಬಹಳ ಜನ ಸತ್ತ ಮೇಲೆ, 2000ರಲ್ಲಿ ಇಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ತಯಾರಾಗುವ ಕಾರು, ಸಣ್ಣ ಟ್ರಕ್ಕುಗಳಿಗೆಲ್ಲ ಇದು ಕಡ್ಡಾಯ. ಯಾವುದೇ ಗಾಲಿಯ ಹವಾ ಕಂಪನಿ ಹೇಳಿದ್ದಕ್ಕಿಂತ ನೂರಕ್ಕೆ 25ರಷ್ಟು ಇಳಿದರೆ ದೀಪ ಹತ್ತಬೇಕು. ಹವಾದ ಒತ್ತಡ ಅಳೆಯುವುದು ಪಿಎಸ್‌ಐನಲ್ಲಿ. ನನ್ನ ಗಾಡಿಗೆ 35 ಪಿಎಸ್‌ಐ. ಅಂದರೆ 26ರ ಹತ್ತಿರ ಬಂದಾಗ ಹತ್ತುತ್ತದೆ. 30 ಇದ್ದರೆ ಅದು ಸುಮ್ನೆ ಇರುತ್ತದೆ. ದೀಪ ಇಲ್ಲ ಅಂದರೆ ಹವಾ ಸರಿ ಇದೆ ಅಂತ ತಿಳಿಯಬಾರದು.

ನನ್ನದು 2014ರ ಮಾಡೆಲ್. ಪ್ರತಿ ಗಾಲಿಯೊಳಗೆ, ವಾಲ್ವ್‌ನ ಬುಡಕ್ಕೆ ಒಂದು ಸಣ್ಣ ಸೆನ್ಸರ್ ಇದೆ. ಅದಕ್ಕೆ ತನ್ನದೇ ನಂಬರು, ತನ್ನದೇ ಬ್ಯಾಟರಿ. ರೇಡಿಯೋ ಮೂಲಕ ಗಾಡಿಯ ಕಂಪ್ಯೂಟರಿಗೆ ಹವಾ ಎಷ್ಟಿದೆ ಅಂತ ಹೇಳುತ್ತಿರುತ್ತದೆ. ಕೆಲವು ಕಾರುಗಳಲ್ಲಿ ಇಂಥ ಸೆನ್ಸರ್ ಇರುವುದೇ ಇಲ್ಲ. ಹವಾ ಇಳಿದ ಗಾಲಿ ಸ್ವಲ್ಪ ಜಾಸ್ತಿ ಸುತ್ತು ತಿರುಗುತ್ತದೆ. ಗಾಲಿಗಳ ವೇಗ ನೋಡುತ್ತಿರುವ ಬ್ರೇಕಿನ ಎಬಿಎಸ್ ಅದನ್ನು ಹಿಡಿದು ಹೇಳುತ್ತದೆ. ನಿಮ್ಮದು ಯಾವ ಥರ ಅಂತ ಮೊದಲು ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ರಿಪೇರಿ ದಾರಿಯೇ ಬೇರೆ.

ಮೊದಲ ಚಳಿಗಾಲದಲ್ಲಿ ಮುಂಜಾನೆ ದೀಪ ಹತ್ತುತ್ತಿತ್ತು. ಅರ್ಧ ತಾಸು ಓಡಿಸಿದರೆ ಆರುತ್ತಿತ್ತು. ಅದು ಚಳಿಯ ಕೆಲಸ. ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. 15 ಡಿಗ್ರಿಯ ಗ್ಯಾರೇಜಿನಲ್ಲಿ 33 ತುಂಬಿಸಿಕೊಂಡು ಮೈನಸ್ 25ರಲ್ಲಿ ರಾತ್ರಿ ನಿಲ್ಲಿಸಿದರೆ ಮುಂಜಾನೆ 26 ಇರುತ್ತದೆ. ಟೈರ್ ತೂತಾಗಿಲ್ಲ, ಸೆನ್ಸರ್ ಕೆಟ್ಟಿಲ್ಲ. ಆದರೂ ಹವಾ ಕಡಿಮೆ ಇರುವುದು ನಿಜ. ಹಾಗಾಗಿ ಗಾಡಿ ಮೂರು ತಾಸಾದರೂ ನಿಂತು ಟೈರ್ ತಣ್ಣಗಾದ ಮೇಲೆ, ಅದೇ ಚಳಿಯಲ್ಲಿ ಅಳೆದು ತುಂಬಿಸಬೇಕು. ಎಷ್ಟು ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರ್‌ನ ಪಕ್ಕಕ್ಕೆ ಬರೆದಿರುವುದು ಆ ಟೈರ್ ತಾಳುವ ಹೆಚ್ಚಿನ ಮಿತಿ. ಅದನ್ನು ನೋಡಿ ಯಾವತ್ತೂ ತುಂಬಿಸಬೇಡಿ.

ಅದಾದ ಮೇಲೆ ಆದದ್ದು ನನ್ನನ್ನು ಈಗಲೂ ಕಾಡುತ್ತದೆ. ಅಕ್ಟೋಬರ್‌ನಲ್ಲಿ ಒಂದು ಅಂಗಡಿಯಲ್ಲಿ ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿಕೊಟ್ಟಿದ್ದರು. ನವೆಂಬರ್‌ನಲ್ಲಿ ದೀಪ ಹತ್ತಿತು, ಆರಲಿಲ್ಲ. ಸ್ಕ್ರೀನ್‌ನಲ್ಲಿ ಹಿಂದಿನ ಬಲಗಾಲಿ 25 ಅಂತ ಬಂತು. ಹಿಂದಿನ ಬಲಗಾಲಿಗೆ ಹವಾ ಹೊಡೆದೆ. ಮರುದಿನವೂ ದೀಪ. ಇನ್ನಷ್ಟು ಹೊಡೆದೆ. ಎರಡು ಕಿಲೋಮೀಟರ್ ಹೋಗಿ ನೋಡಿದರೆ, ಸ್ಕ್ರೀನ್‌ನಲ್ಲಿ ಏರಿದ್ದು ಮುಂದಿನ ಗಾಲಿಯ ಅಂಕಿ! ತಕ್ಷಣ ನಿಲ್ಲಿಸಿ ಗೇಜ್ ಹಚ್ಚಿ ನಾಲ್ಕೂ ಅಳೆದೆ. ಹಿಂದಿನ ಬಲಗಾಲಿ 42. ಮುಂದಿನ ಬಲಗಾಲಿ 22, ಅದರಲ್ಲಿ ಒಂದು ಮೊಳೆ. ಗಾಲಿ ಜಾಗ ಬದಲಿಸಿದ್ದರು, ಗಾಡಿಗೆ ಹೊಸ ಜಾಗ ತಿಳಿಸಿರಲಿಲ್ಲ. ಎರಡು ದಿನ ನಾನು ಹಿಮದ ರಸ್ತೆಯಲ್ಲಿ ಹಾಗೇ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ್ದೆ.

ಅವತ್ತಿನಿಂದ ಸ್ಕ್ರೀನ್ ಯಾವ ಗಾಲಿ ತೋರಿಸಿದರೂ ಗೇಜ್ ಹಿಡಿದು ನಾಲ್ಕನ್ನೂ ಅಳೆಯುತ್ತೇನೆ. ಗಾಲಿ ಬದಲಿಸಿದ ಮೇಲೆ ರೀಲರ್ನ್, ಅಂದರೆ ಯಾವ ಸೆನ್ಸರ್ ಎಲ್ಲಿದೆ ಅಂತ ಗಾಡಿಗೆ ಮತ್ತೆ ಕಲಿಸುವ ಕೆಲಸ, ಮಾಡಿದಿರಾ ಅಂತ ಅಂಗಡಿಯವರನ್ನು ಕೇಳಿಯೇ ಹೊರಡುತ್ತೇನೆ. ಕೆಲವು ಗಾಡಿ ಓಡುತ್ತ ತಾವೇ ಕಲಿಯುತ್ತವೆ. ನನ್ನದಕ್ಕೆ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಟೂಲ್ ಬೇಕು. ಗಾಡಿಯನ್ನು ಕಲಿಯುವ ಮೋಡ್‌ಗೆ ಹಾಕಿ, ಮುಂದಿನ ಎಡಗಾಲಿಯ ವಾಲ್ವ್ ಹತ್ತಿರ ಟೂಲ್ ಹಿಡಿದರೆ ಹಾರ್ನ್ ಕೂಗುತ್ತದೆ. ಆಮೇಲೆ ಮುಂದಿನ ಬಲ, ಹಿಂದಿನ ಬಲ, ಕೊನೆಗೆ ಹಿಂದಿನ ಎಡ. ಪ್ರದಕ್ಷಿಣೆ ಹಾಕಿದ ಹಾಗೆ.

ಮುಂದಿನ ವರ್ಷ ದೀಪ ಬೇರೆ ಥರ ನಡೆದುಕೊಂಡಿತು. ಗಾಡಿ ಚಾಲೂ ಮಾಡಿದ ಕೂಡಲೇ ಒಂದು ನಿಮಿಷ ಮಿಣುಕುತ್ತಿತ್ತು, ಆಮೇಲೆ ಹತ್ತಿಕೊಂಡೇ ಇರುತ್ತಿತ್ತು. ಹವಾ ನಾಲ್ಕರಲ್ಲೂ ಸರಿ ಇತ್ತು. ಇದು ದೀಪದ ಎರಡನೇ ಮಾತು. ನೆಟ್ಟಗೆ ಹತ್ತಿದರೆ ಹವಾ ನೋಡು ಅಂತ ಅರ್ಥ. ಮಿಣುಕಿ ಹತ್ತಿದರೆ ನನಗೇ ಹುಷಾರಿಲ್ಲ, ನನ್ನನ್ನು ನಂಬಿ ಕೂರಬೇಡ ಅಂತ.

ಆಗ ನೋಡಬೇಕಾದದ್ದು ಬೇರೆ. ಸ್ಟೆಪ್ನಿ ಹಾಕಿದ್ದೀರಾ? ಬಹಳಷ್ಟು ಗಾಡಿಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ಗಾಲಿಗೆ ಹೊಸ ಡಿಸ್ಕ್ (ರಿಮ್) ಹಾಕಿಸಿದಿರಾ? ಹಳೆಯದರ ಸೆನ್ಸರ್ ಹಳೆಯದರಲ್ಲೇ ಉಳಿದಿರಬಹುದು. ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ ಏನಾದರೂ ಚುಚ್ಚಿದ್ದರೆ ತೆಗೆದು ನೋಡಿ. ಅವು ರೇಡಿಯೋ ಸಂಕೇತಕ್ಕೆ ಅಡ್ಡ ಬರುವುದುಂಟು. ಸ್ಕ್ರೀನ್‌ನಲ್ಲಿ ನಾಲ್ಕೂ ಗಾಲಿಗೆ ಅಂಕಿಯ ಬದಲು ಬರೀ ಗೆರೆ ಬಂದರೆ ನಾಲ್ಕು ಸೆನ್ಸರ್ ಒಟ್ಟಿಗೆ ಸತ್ತಿರುವುದು ಕಷ್ಟ. ಫ್ಯೂಸ್, ವೈರಿಂಗ್, ಇಲ್ಲವೇ ಸಂಕೇತ ಹಿಡಿಯುವ ರಿಸೀವರ್ ನೋಡಿಸಿ. ನನಗೆ ಒಂದೇ ಗಾಲಿಗೆ ಗೆರೆ ಬರುತ್ತಿತ್ತು. ಬಿಸಿಲು ಬಿದ್ದ ದಿನ ಅಂಕಿ ಬರುತ್ತಿತ್ತು, ಚಳಿ ಜಾಸ್ತಿಯಾದರೆ ಮಾಯ. ಬ್ಯಾಟರಿ ಮುಗಿಯುತ್ತಿದೆ ಅಂತ ಅಲ್ಲೇ ತಿಳಿಯಿತು. ಅದರ ಆಯಸ್ಸು ಐದರಿಂದ ಹತ್ತು ವರ್ಷ. ಅಂಟು ಹಾಕಿ ಮುಚ್ಚಿರುತ್ತಾರೆ, ಬ್ಯಾಟರಿ ಒಂದನ್ನೇ ಬದಲಿಸಲು ಬರುವುದಿಲ್ಲ. ಟೈರ್ ಬಿಚ್ಚಿ ಸೆನ್ಸರನ್ನೇ ಬದಲಿಸಬೇಕು. ಉಳಿದ ಮೂರಕ್ಕೂ ಅಷ್ಟೇ ವಯಸ್ಸಾಗಿತ್ತು. ನಾಲ್ಕನ್ನೂ ಒಮ್ಮೆಲೇ ಹಾಕಿಸಿದೆ.

ಇಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದಕ್ಕೆ ಅಲ್ಯೂಮಿನಿಯಂ ವಾಲ್ವ್ ತಿಂದುಹೋಗುತ್ತದೆ. ಲೋಹದ ಕ್ಯಾಪ್ ಹಾಕಿದ್ದರೆ ಅದು ಅಲ್ಲೇ ಹಿಡಿದುಕೊಂಡು ಬಿಡುತ್ತದೆ. ಪ್ಲಾಸ್ಟಿಕ್ ಕ್ಯಾಪೇ ಒಳ್ಳೆಯದು.

ತಮ್ಮ ಕೇಳಿದ್ದು ಹೊರಗಿನ ಸೆನ್ಸರ್. ವಾಲ್ವ್‌ಗೆ ಕ್ಯಾಪಿನ ಹಾಗೆ ತಿರುಗಿಸಿ ಹಾಕುವುದು. ತಗೋ ಅಂದೆ. ಹೇರಿನ ಗಾಡಿಗೆ ಮುಂದಿನ ಗಾಲಿಗೂ ಹಿಂದಿನದಕ್ಕೂ ಹವಾ ಬೇರೆ, ಎರಡಕ್ಕೂ ಬೇರೆ ಬೇರೆ ಮಿತಿ ಇಡು ಅಂದೆ. ಬಿಸಿಲಲ್ಲಿ ಓಡಿದ ಟೈರ್‌ನಲ್ಲಿ ಅಂಕಿ ಏರಿದ್ದು ನೋಡಿ ಹವಾ ಬಿಡಬೇಡ ಅಂತಲೂ ಹೇಳಿದೆ. ತಣ್ಣಗಾದಾಗ ಅದು ಕಡಿಮೆಯಾಗಿರುತ್ತದೆ, ಮರುದಿನ ಹೇರಿದ ಭಾರಕ್ಕೆ ಟೈರ್ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

ಹೋದ ವಾರ ಮತ್ತೆ ಫೋನ್. ಹಿಂದಿನ ಎಡಗಾಲಿ ದಿನಾ ಮೂರು ನಾಲ್ಕು ಪಿಎಸ್‌ಐ ಇಳಿಯುತ್ತಿದೆ ಅಂದ. ಪಂಚರ್ ಅಂಗಡಿಯಲ್ಲಿ ಟೈರ್ ನೀರಿಗೆ ಮುಳುಗಿಸಿ ನೋಡಿದ್ದಾರೆ, ಗುಳ್ಳೆ ಇಲ್ಲ. ಸೆನ್ಸರ್ ಹಾಕಿಯೇ ಮುಳುಗಿಸಿದ್ದರಾ ಅಂತ ಕೇಳಿದೆ. ಇಲ್ಲ, ತೆಗೆದಿಟ್ಟಿದ್ದರಂತೆ. ಆ ಕ್ಯಾಪ್ ಒಳಗಿನ ಪಿನ್ ಒತ್ತಿಕೊಂಡೇ ಕೂರುತ್ತದೆ. ರಬ್ಬರ್ ವಾಶರ್ ಸರಿ ಕೂರದಿದ್ದರೆ ಹವಾ ಅಲ್ಲೇ ಸೋರುತ್ತದೆ. ಬೆರಳಿಗೆ ಎಂಜಲು ಮಾಡಿಕೊಂಡು ಕ್ಯಾಪಿನ ಅಂಚಿಗೆ ಹಚ್ಚು ಅಂದೆ. ಚಿಕ್ಕಂದಿನಲ್ಲಿ ಸೈಕಲ್ಲಿಗೆ ನಾವಿಬ್ಬರೂ ಹಾಗೇ ನೋಡುತ್ತಿದ್ದೆವು.

ಫೋನ್ ಕೆಳಗಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಅವನ ದನಿ ಬಂತು. "ಅಣ್ಣಾ, ಗುಳ್ಳಿ ಬಂತು ನೋಡು."